ಮಗಳನ್ನು ಮಗನಾಗಿಸಿದ ನಾಡು
ಹೊಸಪೇಟೆ ಸೀಮೆಯ ಬಸವಿಯರ ಚರಿತ್ರೆ ನಮಗೆ ಕೇಳುವ ಪ್ರಶ್ನೆ

ಹೊಸಪೇಟೆ ಎಂದೊಡನೆ ನಮಗೆ ನೆನಪಾಗುವುದು ತುಂಗಭದ್ರಾ ಅಣೆಕಟ್ಟು, ಹಂಪಿಯ ದಾರಿ ಕೇಳುವ ಪ್ರವಾಸಿಗರು, ಸಂಡೂರಿನ ಕಡೆಯಿಂದ ಬರುವ ಅದಿರಿನ ಲಾರಿಗಳು. ಈ ಊರು ಒಬ್ಬ ಹೆಣ್ಣಿನ ಹೆಸರಿನಲ್ಲಿ ಹುಟ್ಟಿತು ಎಂಬುದು ಹೆಚ್ಚಿನವರಿಗೆ ನೆನಪಿರುವುದಿಲ್ಲ. ಹೊಸಪೇಟೆಯ ಹಳೆಯ ಹೆಸರು ನಾಗಲಾಪುರ. ಕೃಷ್ಣದೇವರಾಯ ತನ್ನ ತಾಯಿ ನಾಗಲಾದೇವಿಯ ಹೆಸರಿನಲ್ಲಿ ಇದನ್ನು ಕಟ್ಟಿಸಿದನೆಂದು ಕೆಲವರು ಹೇಳುತ್ತಾರೆ. ಆದರೆ 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಬೇರೆಯೇ ಕಥೆ ಹೇಳುತ್ತಾನೆ. ಅರಸನ ಮೂವರು ಮುಖ್ಯ ರಾಣಿಯರಲ್ಲಿ ಒಬ್ಬಳು ಹಿಂದೆ ಗಣಿಕೆಯಾಗಿದ್ದವಳು. ಅವನು ಪಟ್ಟಕ್ಕೆ ಬರುವ ಮೊದಲೇ ಅವಳ ಸಂಗ ಬೆಳೆದಿತ್ತು. ಅರಸನಾದರೆ ತನ್ನನ್ನು ಮದುವೆಯಾಗಬೇಕೆಂದು ಅವಳು ಅವನಿಂದ ಮಾತು ತೆಗೆದುಕೊಂಡಿದ್ದಳು. ಅವನು ಮಾತು ಉಳಿಸಿಕೊಂಡ. ಅವಳ ಮೇಲಿನ ಪ್ರೀತಿಗಾಗಿಯೇ ಈ ಹೊಸ ಊರನ್ನು ಕಟ್ಟಿಸಿದ ಎಂಬುದು ಪೇಸ್‌ನ ಹೇಳಿಕೆ.

ಹನ್ನೆರಡು-ಹದಿಮೂರು ಕಿಲೋಮೀಟರ್ ಆಚೆಗಿನ ಹಂಪಿಯಲ್ಲೂ ಇಂತಹದೇ ಒಂದು ಕಥೆಯಿದೆ. ಸ್ಥಳಪುರಾಣದ ಪ್ರಕಾರ ಬ್ರಹ್ಮನ ಮಗಳು ಪಂಪಾ ಶಿವನೇ ತನಗೆ ಗಂಡನಾಗಬೇಕೆಂದು ತಪಸ್ಸಿಗೆ ಕೂತಳು, ವಿರೂಪಾಕ್ಷನನ್ನು ಪಡೆದಳು. ಪ್ರತಿವರ್ಷ ಚಳಿಗಾಲದಲ್ಲಿ ಫಲಪೂಜೆಯೆಂಬ ಹೆಸರಿನಲ್ಲಿ ಈ ದಂಪತಿಯ ನಿಶ್ಚಿತಾರ್ಥ, ಚೈತ್ರದಲ್ಲಿ ಕಲ್ಯಾಣೋತ್ಸವ ಮತ್ತು ತೇರು ನಡೆಯುತ್ತವೆ. ಸುತ್ತಲಿನ ಹಳ್ಳಿಗಳ ಜನ ಸಾವಿರಾರು ಸಂಖ್ಯೆಯಲ್ಲಿ ಬಂದು ಈ ಮದುವೆಯನ್ನು ನೋಡುತ್ತಾರೆ.

ಒಬ್ಬಳು ದೇವತೆ, ಇನ್ನೊಬ್ಬಳು ರಾಣಿಯಾದ ಗಣಿಕೆ. ತಮಗೆ ಯಾರು ಬೇಕೆಂಬುದನ್ನು ಇಬ್ಬರೂ ತಾವೇ ಹೇಳಿದರು. ಆದರೆ ಇದೇ ನೆಲದಲ್ಲಿ ಹುಟ್ಟಿದ ಬಡವರ ಮನೆಯ ಹೆಣ್ಣುಮಕ್ಕಳಿಗೆ ಆ ಮಾತನ್ನು ಆಡುವ ಅವಕಾಶ ಎಷ್ಟರಮಟ್ಟಿಗೆ ಇತ್ತು? ಮದುವೆ, ಮನೆ, ಮಕ್ಕಳು ಎಂಬ ಚೌಕಟ್ಟಿನ ಹೊರಗೆ ಬದುಕಿದ ಹೆಂಗಸರು ಈ ಸೀಮೆಯಲ್ಲಿ ಶತಮಾನಗಳಿಂದ ಇದ್ದಾರೆ. ಅವರ ಬದುಕನ್ನು ಕೆಲವರು ಸ್ವಾತಂತ್ರ್ಯವೆಂದು ಕೊಂಡಾಡಿದ್ದಾರೆ. ಕೆಲವರು ಅನೀತಿಯೆಂದು ಮೂಗು ಮುರಿದಿದ್ದಾರೆ. ಎರಡೂ ಪೂರ್ಣ ಸತ್ಯವಲ್ಲ ಎಂಬುದನ್ನು ಚರಿತ್ರೆ ಹೇಳುತ್ತದೆ.

ರಾಜಧಾನಿಯ ಬೀದಿಗಳಲ್ಲಿ

1443ರಲ್ಲಿ ಹೆರಾತಿನ ಸುಲ್ತಾನ ಶಾಹ್‌ರುಖ್‌ನ ರಾಯಭಾರಿಯಾಗಿ ಅಬ್ದುರ್ ರಝಾಕ್ ವಿಜಯನಗರಕ್ಕೆ ಬಂದ. ಆಗ ಇಮ್ಮಡಿ ದೇವರಾಯ ಆಳುತ್ತಿದ್ದ. ಪಟ್ಟಣದ ವೈಭವವನ್ನು ಮನದುಂಬಿ ವರ್ಣಿಸಿದ ಈ ಪಾರಸಿ ಲೇಖಕ ಗಣಿಕೆಯರ ಬೀದಿಯನ್ನೂ ಬಿಡಲಿಲ್ಲ. ಅವರ ಮನೆಗಳ ಅಲಂಕಾರ, ಒಡವೆ, ದಾಸಿಯರನ್ನು ಕಂಡು ಬೆರಗಾದ. ಜೊತೆಗೆ ಒಂದು ಲೆಕ್ಕವನ್ನೂ ಬರೆದಿಟ್ಟ: ಪಟ್ಟಣ ಕಾಯುವ ಕೊತ್ವಾಲನ ಸಿಬ್ಬಂದಿಗೆ ಸಂಬಳ ಹೋಗುತ್ತಿದ್ದುದು ಈ ಹೆಂಗಸರಿಂದ ವಸೂಲಾದ ತೆರಿಗೆಯಿಂದ. ಹಂಪಿಯಲ್ಲಿ ಅಚ್ಯುತರಾಯ ದೇವಾಲಯದ ಮುಂದೆ ಪಾಳುಬಿದ್ದ ಕಂಬಗಳ ಸಾಲಿಗೆ ಜನ ಇಂದಿಗೂ ಸೂಳೆ ಬಜಾರ್ ಎಂದೇ ಕರೆಯುತ್ತಾರೆ.

ಪೇಸ್ ದೇವಾಲಯದ ಸೇವೆಯಲ್ಲಿದ್ದ ಹೆಂಗಸರ ಬಗ್ಗೆ ಬರೆದಿದ್ದಾನೆ. ಅವರಿಗೆ ಭೂಮಿಯಿತ್ತು, ಪಲ್ಲಕ್ಕಿಯಿತ್ತು, ಆಳುಕಾಳುಗಳಿದ್ದರು. ಅರಸನ ರಾಣಿಯರ ಎದುರಿನಲ್ಲಿ ಕೂತು ವೀಳ್ಯ ಮೆಲ್ಲುವ ಹಕ್ಕು ಅವರಿಗಿತ್ತು. ಅವರಲ್ಲೊಬ್ಬಳ ಬಳಿ ಲಕ್ಷ ವರಹದ ಆಸ್ತಿಯಿದೆಯೆಂಬ ಮಾತನ್ನೂ ಅವನು ಕೇಳಿದ್ದ. ಅವನ ನಂತರ ಬಂದ ನ್ಯೂನಿಜ್ ಅರಮನೆಯೊಳಗೆ ಲೆಕ್ಕ ಬರೆಯುವ, ಜ್ಯೋತಿಷ್ಯ ಹೇಳುವ, ಕುಸ್ತಿ ಆಡುವ, ಕಾವಲು ಕಾಯುವ, ನ್ಯಾಯ ಹೇಳುವ ಹೆಂಗಸರಿದ್ದರೆಂದು ತಿಳಿಸುತ್ತಾನೆ. ಗಂಗಾದೇವಿ ತನ್ನ ಗಂಡ ಕಂಪಣನ ದಂಡಯಾತ್ರೆಯನ್ನು 'ಮಧುರಾವಿಜಯ' ಎಂಬ ಸಂಸ್ಕೃತ ಕಾವ್ಯವಾಗಿಸಿದಳು. ತಿರುಮಲಾಂಬೆ ಅಚ್ಯುತರಾಯನ ಮದುವೆಯನ್ನು 'ವರದಾಂಬಿಕಾ ಪರಿಣಯ'ದಲ್ಲಿ ಬರೆದಳು.

ಹೀಗೆ ಅಡುಗೆಮನೆಯ ಹೊರಗೂ ಹೆಣ್ಣಿಗೆ ಕೆಲಸವಿತ್ತು, ಹಣವಿತ್ತು, ವಿದ್ಯೆಯಿತ್ತು. ಆದರೆ ಒಂದು ಮಾತನ್ನು ಮರೆಯಬಾರದು. ಈ ಹೆಂಗಸರು ನಿಂತಿದ್ದುದು ಅರಮನೆ ಅಥವಾ ದೇವಾಲಯ ಹಾಕಿಕೊಟ್ಟ ಜಾಗದಲ್ಲಿ. ಆ ಎರಡೂ ಕುಸಿದ ದಿನ ಅವರ ಜಾಗವೂ ಕುಸಿಯಿತು. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಪಲ್ಲಕ್ಕಿಯ ಗಣಿಕೆಯರು ಏನಾದರೆಂದು ಯಾವ ಪ್ರವಾಸಿಯೂ ಬರೆಯಲಿಲ್ಲ.

ಕಂಪ್ಲಿಯ ಕಥೆ ಇನ್ನೂ ಹಳೆಯದು, ಇನ್ನೂ ಕಠೋರವಾದುದು. ಆಶ್ರಯ ಕೇಳಿ ಬಂದ ಬಹಾವುದ್ದೀನ್ ಗುರ್ಷಾಸ್ಪ್‌ನನ್ನು ದೆಹಲಿಯ ಮುಹಮ್ಮದ್ ಬಿನ್ ತುಘಲಕ್‌ಗೆ ಒಪ್ಪಿಸಲು ಕಂಪಿಲರಾಯ ನಿರಾಕರಿಸಿದ. 1327ರಲ್ಲಿ ದೆಹಲಿಯ ಸೇನೆ ಬಂದು ರಾಜ್ಯವನ್ನು ಮುಗಿಸಿತು. ನಂಬಿ ಬಂದ ಅತಿಥಿಗಾಗಿ ರಾಜ್ಯ ಕಳೆದುಕೊಂಡ ಅರಸನ ಬಗ್ಗೆ ಇಬ್ನ್ ಬತೂತಾ ಗೌರವದಿಂದ ಬರೆಯುತ್ತಾನೆ. ಕೋಟೆ ಉಳಿಯುವುದಿಲ್ಲವೆಂದು ಖಚಿತವಾದಾಗ ಅರಸನ ಮನೆಯ ಹೆಂಗಸರೂ ಪ್ರಧಾನರ ಮನೆಯ ಹೆಂಗಸರೂ ಬೆಂಕಿಗೆ ಬಿದ್ದರೆಂಬುದನ್ನೂ ಅವನೇ ತಿಳಿಸುತ್ತಾನೆ. ಅರಸನ ಮಗ ಕುಮಾರರಾಮನನ್ನು ನಮ್ಮ ಜನ 'ಪರನಾರಿ ಸಹೋದರ'ನೆಂದು ಕಾವ್ಯದಲ್ಲೂ ಹಾಡಿನಲ್ಲೂ ಪೂಜಿಸಿದರು. ಅವನನ್ನು ಬಯಸಿದ ಮಲತಾಯಿ ರತ್ನಾಜಿ ಕೆಟ್ಟ ಹೆಂಗಸಿನ ಮಾದರಿಯಾಗಿ ಉಳಿದಳು. ರತ್ನಾಜಿಯ ನಡತೆಯನ್ನು ನಾವು ಸಮರ್ಥಿಸಬೇಕಿಲ್ಲ. ಆದರೆ ಈ ಕಥೆಯಲ್ಲಿ ಒಳ್ಳೆಯ ಹೆಣ್ಣಿಗೆ ಉಳಿದ ಜಾಗ ಚಿತೆಯೊಂದೇ ಎಂಬುದನ್ನು ಗಮನಿಸದೆ ಇರಲಾಗದು.

ಬಸವಿ ಎಂದರೆ ಯಾರು?

ಅರಮನೆಯ ಮಾತು ಸಾಕು, ಹಳ್ಳಿಗೆ ಬರೋಣ. ಹರಕೆ ಹೊತ್ತು ದೇವರ ಹೆಸರಿನಲ್ಲಿ ಬಿಟ್ಟ ಗೂಳಿಗೆ ನಮ್ಮಲ್ಲಿ ಬಸವ ಎನ್ನುತ್ತಾರೆ. ಅದಕ್ಕೆ ಮೂಗುದಾರವಿಲ್ಲ, ನೊಗವಿಲ್ಲ. ಯಾರ ಹೊಲದಲ್ಲಿ ಮೇಯ್ದರೂ ಯಾರೂ ಹೊಡೆಯುವುದಿಲ್ಲ. ಹಾಗೆಯೇ ದೇವರ ಹೆಸರಿನಲ್ಲಿ ಬಿಟ್ಟ ಹೆಣ್ಣು ಬಸವಿ. ಹೊಸಪೇಟೆ, ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ, ಸಂಡೂರು ಸೀಮೆಯಲ್ಲಿ 'ಬಸವಿ ಬಿಡುವುದು', 'ಮುತ್ತು ಕಟ್ಟುವುದು' ಎಂಬ ಮಾತುಗಳು ಹಳಬರಿಗೆ ಚೆನ್ನಾಗಿ ಗೊತ್ತು. ನದಿಯ ಆಚೆ ದಡದ ಹುಲಿಗಿಯ ಹುಲಿಗೆಮ್ಮ, ಉಚ್ಚಂಗಿದುರ್ಗದ ಯಲ್ಲಮ್ಮ ಮೊದಲಾದ ದೇವತೆಗಳ ಹೆಸರಿನಲ್ಲಿ ಈ ಮುತ್ತು ಬೀಳುತ್ತಿತ್ತು.

ದೊಡ್ಡ ದೇವಾಲಯಗಳ ದೇವದಾಸಿಗೂ ಹಳ್ಳಿಯ ಬಸವಿಗೂ ವ್ಯತ್ಯಾಸವಿದೆ. ದೇವದಾಸಿ ಗುಡಿಯಲ್ಲಿ ಹಾಡಿ ಕುಣಿಯುವ ಸೇವೆಗೆ ಸೇರಿದವಳು. ಅದಕ್ಕಾಗಿ ಇನಾಂ ಭೂಮಿಯ ಆದಾಯ ಪಡೆಯುವವಳು. ಬಸವಿ ತನ್ನ ತಂದೆಯ ಮನೆಯಲ್ಲೇ ಉಳಿದು ಹೊಲ ಗೇಯುವವಳು. ಮದರಾಸು ಪ್ರಾಂತ್ಯದ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ 1890ರ ದಶಕದ ಆರಂಭದಲ್ಲಿ ಬಸವಿಯರ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದ. ದೇವರಿಗೆ ಅರ್ಪಿತರಾಗಿ ಗಂಡಿನ ಹಕ್ಕುಗಳನ್ನು ಪಡೆಯುವ ಹೆಂಗಸರು ಎಂದು ಅದರ ತಲೆಬರಹದಲ್ಲೇ ಅವರನ್ನು ಗುರುತಿಸಿದ್ದ. 1904ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಬರೆದ ಬಳ್ಳಾರಿ ಗೆಜೆಟಿಯರ್‌ನಲ್ಲಿ ಈ ಪದ್ಧತಿಯ ಸ್ಪಷ್ಟ ವಿವರ ಸಿಗುತ್ತದೆ. 1909ರಲ್ಲಿ ಎಡ್ಗರ್ ಥರ್ಸ್ಟನ್ ತನ್ನ ಗ್ರಂಥಮಾಲೆಯಲ್ಲಿ ಅದನ್ನೇ ಮತ್ತೆ ಬಳಸಿಕೊಂಡ.

ಆ ವಿವರದ ಸಾರ ಹೀಗಿದೆ. ಬೇಡ ಮೊದಲಾದ ಕೆಲವು ಜಾತಿಗಳಲ್ಲಿ ಗಂಡು ಸಂತಾನವಿಲ್ಲದ ತಂದೆತಾಯಿ ದತ್ತು ತೆಗೆದುಕೊಳ್ಳುವ ಬದಲು ತಮ್ಮ ಒಬ್ಬ ಮಗಳನ್ನು ದೇವರಿಗೆ ಬಿಡುತ್ತಿದ್ದರು. ಅಂದಿನಿಂದ ಅವಳು ಮನೆಗೆ ಮಗನಿದ್ದಂತೆ. ತಂದೆಯ ಆಸ್ತಿ ಅವಳಿಗೆ ಬರುತ್ತದೆ. ತಂದೆತಾಯಿಯ ಉತ್ತರಕ್ರಿಯೆಯನ್ನು ಅವಳೇ ಮಾಡುತ್ತಾಳೆ. ಅವಳಿಗೆ ಮದುವೆಯಿಲ್ಲ, ತನ್ನ ಜಾತಿಯ ಅಥವಾ ಮೇಲಿನ ಜಾತಿಯ ಒಬ್ಬನನ್ನು ಆರಿಸಿಕೊಂಡು ತವರಿನಲ್ಲೇ ಅವನೊಡನೆ ಬಾಳುತ್ತಾಳೆ. ಹುಟ್ಟಿದ ಮಕ್ಕಳಿಗೆ ಅವಳ ತಂದೆಯ ಹೆಸರು, ಅವಳ ತಂದೆಯ ಬೆಡಗು. ಗಂಡು ಹುಟ್ಟಿದರೆ ಆಸ್ತಿ ಅವನಿಗೆ. ಹೆಣ್ಣು ಮಾತ್ರ ಹುಟ್ಟಿದರೆ ಅವಳೂ ಬಸವಿ. ಜಾತಿಯವರ ಕಣ್ಣಿನಲ್ಲಿ ಈ ಮಕ್ಕಳಿಗೆ ಯಾವ ಕಳಂಕವೂ ಇರಲಿಲ್ಲ. ಬಸವಿಗೆ ವೈಧವ್ಯವೆಂಬುದೇ ಇಲ್ಲವಾದ್ದರಿಂದ ಮದುವೆಮನೆಗಳಲ್ಲಿ ಅವಳಿಗೆ ವಿಶೇಷ ಸ್ವಾಗತವಿತ್ತು.

ಇದನ್ನು ಓದಿದ ಯಾರಿಗಾದರೂ ಆಶ್ಚರ್ಯವಾಗುತ್ತದೆ. ವಿಧವೆಯ ತಲೆ ಬೋಳಿಸುತ್ತಿದ್ದ, ಎಳೆಯ ಹುಡುಗಿಯರನ್ನು ಮುದುಕರಿಗೆ ಕಟ್ಟುತ್ತಿದ್ದ ಕಾಲದಲ್ಲಿ ಬಳ್ಳಾರಿ ಸೀಮೆಯ ಒಬ್ಬ ಬಡ ಹೆಣ್ಣುಮಗಳು ಹೊಲದ ಒಡತಿಯಾಗಿ, ತಂದೆಯ ಚಿತೆಗೆ ತಾನೇ ಕೊಳ್ಳಿಯಿಟ್ಟು, ತನ್ನ ಮನೆಗೆ ಬರುವ ಗಂಡಸನ್ನು ತಾನೇ ಆರಿಸಿಕೊಂಡು ಬದುಕುತ್ತಿದ್ದಳು. ಅತ್ತೆಯ ಕಾಟವಿಲ್ಲ, ಸವತಿಯ ಭಯವಿಲ್ಲ, ವೈಧವ್ಯದ ಅವಮಾನವಿಲ್ಲ. ಇದು ಸ್ವಾತಂತ್ರ್ಯವಲ್ಲದೆ ಮತ್ತೇನು ಎಂದು ಕೇಳುವವರಿದ್ದಾರೆ.

ನಾವು ಒಂದು ಮರುಪ್ರಶ್ನೆ ಕೇಳಬೇಕಾಗುತ್ತದೆ. ಮುತ್ತು ಕಟ್ಟುವ ದಿನ ಆ ಹುಡುಗಿಯನ್ನು ಯಾರಾದರೂ ಕೇಳಿದರೇ? ಹೊಲ ದಾಯಾದಿಗಳ ಪಾಲಾಗಬಾರದು, ವಂಶದ ಹೆಸರು ಅಳಿಯಬಾರದು, ಮುಪ್ಪಿನಲ್ಲಿ ನೋಡಿಕೊಳ್ಳಲು ಮನೆಯಲ್ಲಿ ಒಬ್ಬರು ಬೇಕು. ಈ ಮೂರು ಕಾರಣಗಳೂ ಮನೆಯವು. ಅವುಗಳಲ್ಲಿ ಒಂದೂ ಅವಳದಲ್ಲ. ಕಾಯಿಲೆ ವಾಸಿಯಾದರೆ, ಬರ ಕಳೆದರೆ ಮಗಳನ್ನು ಬಿಡುತ್ತೇವೆಂದು ಹರಕೆ ಹೊತ್ತವರೂ ಇದ್ದರು. ಅಲ್ಲಂತೂ ಅವಳು ದೇವರಿಗೆ ತೀರಿಸಿದ ಸಾಲ. ಇನ್ನೂ ಮಾತು ಬಲಿಯದ ವಯಸ್ಸಿನಲ್ಲಿ ಅವಳ ಬದುಕು ತೀರ್ಮಾನವಾಗಿರುತ್ತಿತ್ತು.

ಆಗಿನ ಸಂಪ್ರದಾಯದಲ್ಲಿ ಮದುವೆಯಾದ ಮಗಳು ಬೇರೆ ಮನೆಯ ಹೆಣ್ಣು. ಅವಳ ಕೈಗೆ ಹೊಲ ಹೋದರೆ ಅದು ಬೇರೆ ಬೆಡಗಿಗೆ ಹೋದಂತೆ. ಆದ್ದರಿಂದ ಮಗಳಿಗೆ ಹೊಲ ಕೊಡಬೇಕಾದರೆ ಅವಳನ್ನು ಮದುವೆಯಿಂದ ಹೊರಗಿಡಬೇಕು. ಮದುವೆ ಮಾಡಬೇಕಾದರೆ ಹೊಲದಿಂದ ಹೊರಗಿಡಬೇಕು. ಎರಡನ್ನೂ ಒಟ್ಟಿಗೆ ಕೊಡಲು ಸಮಾಜ ಸಿದ್ಧವಿರಲಿಲ್ಲ. ಅಕ್ಕನಿಗೆ ಮುತ್ತು, ತಂಗಿಗೆ ತಾಳಿ. ಒಬ್ಬಳು ನೆಲ ಪಡೆದು ಗಂಡನನ್ನು ಕಳೆದುಕೊಂಡಳು, ಇನ್ನೊಬ್ಬಳು ಗಂಡನನ್ನು ಪಡೆದು ನೆಲ ಕಳೆದುಕೊಂಡಳು. ಬಸವಿ ಪದ್ಧತಿಯ ಗುಟ್ಟು ಇಷ್ಟೇ.

ಹೊಲವಿಲ್ಲದವರ ಮನೆಯಲ್ಲಿ ಈ ಲೆಕ್ಕವೂ ನಿಲ್ಲುತ್ತಿರಲಿಲ್ಲ. ಒಂದು ಗುಂಟೆ ನೆಲವೂ ಇಲ್ಲದ ದಲಿತ ಕುಟುಂಬದಲ್ಲಿ ಮಗನ ಹಕ್ಕೆಂದರೆ ತಂದೆತಾಯಿಯನ್ನು ಸಾಕುವ ಹೊರೆ ಮಾತ್ರ. ಆರಿಸಿಕೊಳ್ಳುವ ಹಕ್ಕು ಅವಳದೆಂದು ಪುಸ್ತಕದಲ್ಲಿ ಬರೆದಿತ್ತು. ಬಡತನದಲ್ಲಿ ಆರಿಸಿಕೊಳ್ಳುವವನು ಹಣವಿದ್ದ ಗಂಡಸು. ಅವನಿಗೆ ಮನೆಯಲ್ಲಿ ಹೆಂಡತಿ ಮಕ್ಕಳಿದ್ದರು; ಇಲ್ಲಿ ಯಾವ ಜವಾಬ್ದಾರಿಯೂ ಇರಲಿಲ್ಲ. ಬೇಸರವಾದ ದಿನ ಬರುವುದನ್ನು ನಿಲ್ಲಿಸಿದರೆ ಅವನನ್ನು ಕೇಳುವವರಿರಲಿಲ್ಲ.

ಕಾನೂನು ಬಂತು, ಭೂಮಿ ಬರಲಿಲ್ಲ

ಬಳ್ಳಾರಿ ಜಿಲ್ಲೆ 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ಮದರಾಸಿನ ಆಡಳಿತದಲ್ಲಿತ್ತು. ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನ. 1949ರಲ್ಲಿ ಮದರಾಸಿನಲ್ಲಿ ವಿಲೀನವಾಯಿತು. ಆದ್ದರಿಂದ ಈ ಸೀಮೆಯ ಹೆಂಗಸರ ಹಣೆಬರಹ ಬಹುಕಾಲ ಮದರಾಸಿನ ಕಾನೂನುಗಳಿಗೆ ಅಂಟಿಕೊಂಡಿತ್ತು. ಪಕ್ಕದ ಮೈಸೂರು ಸಂಸ್ಥಾನ 1909ರಲ್ಲೇ ದೇವಾಲಯಗಳಲ್ಲಿ ದೇವದಾಸಿ ಸೇವೆಯನ್ನು ನಿಲ್ಲಿಸಲು ಆದೇಶಿಸಿತ್ತು. ಬಳ್ಳಾರಿಯ ಬಸವಿಗೆ ಅದು ಅನ್ವಯಿಸಲಿಲ್ಲ.

ಮದರಾಸಿನಲ್ಲಿ ಈ ಹೋರಾಟ ಕೈಗೆತ್ತಿಕೊಂಡವರು ಡಾ. ಮುತ್ತುಲಕ್ಷ್ಮಿ ರೆಡ್ಡಿ. 1886ರಲ್ಲಿ ಪುದುಕೋಟೆಯಲ್ಲಿ ಹುಟ್ಟಿದ ಅವರ ತಾಯಿ ದೇವದಾಸಿ ಮನೆತನದವರು. ವೈದ್ಯಶಾಸ್ತ್ರ ಓದಿದ ಮುತ್ತುಲಕ್ಷ್ಮಿ 1927ರಲ್ಲಿ ಮದರಾಸು ಶಾಸನಸಭೆಗೆ ನಾಮಕರಣಗೊಂಡು ಅದರ ಉಪಾಧ್ಯಕ್ಷರಾದರು. ಅವರ ಪ್ರಯತ್ನದಿಂದ 1929ರಲ್ಲಿ ಹಿಂದೂ ಧಾರ್ಮಿಕ ದತ್ತಿ ಕಾನೂನಿಗೆ ತಿದ್ದುಪಡಿಯಾಯಿತು. ಗುಡಿಯ ಸೇವೆ ಮಾಡದೆಯೂ ದೇವದಾಸಿಯರು ತಮ್ಮ ಇನಾಂ ಭೂಮಿಯನ್ನು ಉಳಿಸಿಕೊಳ್ಳಲು ಅದು ದಾರಿ ಮಾಡಿಕೊಟ್ಟಿತು. ಭೂಮಿ ಕೈಯಲ್ಲಿದ್ದರೆ ಮಾತ್ರ ಹೆಣ್ಣು ಹಳೆಯ ಬದುಕನ್ನು ಬಿಟ್ಟು ಬರಬಲ್ಲಳು ಎಂಬುದು ಆ ಮನೆತನದಲ್ಲಿ ಬೆಳೆದ ಅವರಿಗೆ ಗೊತ್ತಿತ್ತು. ಆದರೆ ಹಳ್ಳಿಯ ಬಸವಿಗೆ ಇನಾಮೇ ಇರಲಿಲ್ಲ. ಉಳಿಸಿಕೊಳ್ಳುವುದೇನನ್ನು?

1947ರಲ್ಲಿ ಮದರಾಸು ಶಾಸನಸಭೆ ದೇವದಾಸಿ ಅರ್ಪಣೆಯನ್ನು ತಡೆಯುವ ಕಾಯ್ದೆಯನ್ನು ಅಂಗೀಕರಿಸಿತು. ಅರ್ಪಣೆ ಅಪರಾಧವಾಯಿತು. ಮುತ್ತು ಕಟ್ಟಿಸಿಕೊಂಡ ಹೆಣ್ಣು ಮದುವೆಯಾಗಲು ಅರ್ಹಳೆಂದು ಕಾನೂನು ಸಾರಿತು. 1982ರಲ್ಲಿ ಕರ್ನಾಟಕ ಇಡೀ ರಾಜ್ಯಕ್ಕೆ ದೇವದಾಸಿ ಅರ್ಪಣೆ ನಿಷೇಧ ಕಾಯ್ದೆ ತಂದಿತು. ಅರ್ಪಿಸಿದವರು ತಂದೆತಾಯಿ ಅಥವಾ ಬಂಧುಗಳಾಗಿದ್ದರೆ ಶಿಕ್ಷೆ ಇನ್ನೂ ಹೆಚ್ಚು. ಈ ಕಾನೂನುಗಳು ಅಗತ್ಯವಾಗಿದ್ದವು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅವು ಹೆಣ್ಣಿಗೆ ತೋರಿಸಿದ ಬಿಡುಗಡೆಯ ದಾರಿ ಮದುವೆ. ನಲವತ್ತು ವರ್ಷ ದಾಟಿದ, ಮಕ್ಕಳಿರುವ, ಕೂಲಿ ಮಾಡುವ ಹೆಂಗಸಿಗೆ ಮದುವೆಯಾಗುವ ಹಕ್ಕಿಗಿಂತ ಎರಡು ಎಕರೆ ನೆಲ ಮುಖ್ಯವಾಗಿತ್ತು. ಆ ಪ್ರಶ್ನೆ ಹಿಂದೆ ಉಳಿಯಿತು.

ಕಾನೂನು ಬಂದರೂ ಪದ್ಧತಿ ಕದ್ದುಮುಚ್ಚಿ ಮುಂದುವರಿಯಿತು. 1993-94ರ ಸರ್ಕಾರಿ ಸಮೀಕ್ಷೆಯಲ್ಲಿ ರಾಜ್ಯದಲ್ಲಿ 22,873 ದೇವದಾಸಿಯರನ್ನು ಗುರುತಿಸಲಾಯಿತು. 2007-08ರ ಎರಡನೆಯ ಸಮೀಕ್ಷೆಯ ನಂತರ ಒಟ್ಟು ಸಂಖ್ಯೆ 46,660ಕ್ಕೆ ಏರಿತು. ಇವರಲ್ಲಿ ಹೆಚ್ಚಿನವರು ದಲಿತ ಹೆಂಗಸರು. ಅಖಂಡ ಬಳ್ಳಾರಿ ಜಿಲ್ಲೆ ಈ ಪಟ್ಟಿಯಲ್ಲಿ ಮೇಲಿನ ಸಾಲಿನಲ್ಲೇ ಇತ್ತು.

ನಮ್ಮ ಮನೆಯ ಕನ್ನಡಿ

ಇಲ್ಲಿಯ ತನಕ ಓದಿದ ಮುಸ್ಲಿಮ್ ಓದುಗರಿಗೆ ಒಂದು ನಿರಾಳ ಭಾವ ಬಂದಿರಬಹುದು. ಹೆತ್ತವರ ಆಸ್ತಿಯಲ್ಲಿ ಮಗಳಿಗೆ ನಿಗದಿತ ಪಾಲಿದೆ ಎಂದು ಕುರ್‌ಆನಿನ 'ಅನ್ನಿಸಾ' ಅಧ್ಯಾಯ ಏಳನೆಯ ಶತಮಾನದಲ್ಲೇ ಸ್ಪಷ್ಟಪಡಿಸಿತು. ಅದು ಮಗನ ಪಾಲಿನ ಅರ್ಧ. ಆದರೆ ಅದನ್ನು ಪಡೆಯಲು ಅವಳು ಮಗನ ವೇಷ ಹಾಕಬೇಕಿಲ್ಲ, ಮದುವೆ ಬಿಡಬೇಕಿಲ್ಲ. ಮಹ್ರ್ ಅವಳದೇ ಸ್ವತ್ತು. ನಿಕಾಹ್‌ಗೆ ಅವಳ ಒಪ್ಪಿಗೆ ಬೇಕು. ತಂದೆ ತನ್ನ ಇಷ್ಟಕ್ಕೆ ವಿರುದ್ಧವಾಗಿ ಮದುವೆ ಮಾಡಿಸಿದನೆಂದು ಖನ್‌ಸಾ ಬಿಂತ್ ಖಿದಾಮ್ ಎಂಬ ಮಹಿಳೆ ಪ್ರವಾದಿಯವರ(ಸ) ಬಳಿ ದೂರು ತಂದಾಗ ಅವರು ಆ ಮದುವೆಯನ್ನು ರದ್ದುಗೊಳಿಸಿದ ಪ್ರಸಂಗ ಬುಖಾರಿಯಲ್ಲಿದೆ.

ಇವೆಲ್ಲ ನಿಜ. ಆದರೆ ನಾವು ಇವನ್ನು ವೇದಿಕೆಯಲ್ಲಿ ಹೇಳುವಷ್ಟು ಧೈರ್ಯವಾಗಿ ಮನೆಯಲ್ಲಿ ಹೇಳುತ್ತೇವೆಯೇ? 1937ರ ಶರೀಅತ್ ಅನ್ವಯ ಕಾಯ್ದೆ ಏಕೆ ಬಂತು ಎಂಬುದನ್ನು ನೆನಪಿಸಿಕೊಳ್ಳಬೇಕು. ದೇಶದ ಅನೇಕ ಕಡೆ ಮುಸ್ಲಿಮ್ ಕುಟುಂಬಗಳು ಸ್ಥಳೀಯ ರೂಢಿಯ ನೆಪ ಹೇಳಿ ಹೆಣ್ಣುಮಕ್ಕಳ ಪಾಲನ್ನು ನುಂಗುತ್ತಿದ್ದವು. ಆ ರೂಢಿಯನ್ನು ಸರಿಸಿ ಶರೀಅತ್ತನ್ನು ಜಾರಿಗೆ ತರುವುದು ಕಾಯ್ದೆಯ ಉದ್ದೇಶವಾಗಿತ್ತು. ವಿಪರ್ಯಾಸವೆಂದರೆ ಅದರ ಎರಡನೆಯ ಕಲಮಿನಲ್ಲೇ ಕೃಷಿ ಭೂಮಿಯನ್ನು ಹೊರಗಿಡಲಾಯಿತು. ಬಹುಪಾಲು ಜನರ ಆಸ್ತಿಯೆಂದರೆ ಹೊಲವೇ ಆಗಿದ್ದ ದೇಶದಲ್ಲಿ ಹೊಲವನ್ನೇ ಬಿಟ್ಟು ಹಕ್ಕು ಕೊಡಲಾಯಿತು. 1949ರಲ್ಲಿ ಮದರಾಸು ತಿದ್ದುಪಡಿ ತಂದು ಕೃಷಿ ಭೂಮಿಯನ್ನೂ ಸೇರಿಸಿತು. ಬಳ್ಳಾರಿ ಆಗ ಮದರಾಸಿನಲ್ಲೇ ಇತ್ತು.

ಕಾಗದದಲ್ಲಿ ಹಕ್ಕು ಬಂತು. ಆದರೆ ಅಣ್ಣತಮ್ಮಂದಿರ ಮನಸ್ಸು ಕೆಡಬಾರದೆಂದು ಪಾಲು ಬಿಟ್ಟುಕೊಟ್ಟ ಅಕ್ಕತಂಗಿಯರು ನಮ್ಮ ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ, ಬಿಟ್ಟುಕೊಟ್ಟರೆ ವರ್ಷಕ್ಕೊಮ್ಮೆ ಈದ್‌ಗೆ ಸೀರೆ ಬರುತ್ತದೆ. ಮದುವೆಗೆ ಖರ್ಚು ಮಾಡಿದ್ದೇವಲ್ಲ, ಇನ್ನೇನು ಪಾಲು ಎಂಬ ಮಾತನ್ನು ಐದು ಹೊತ್ತು ನಮಾಝ್ ಮಾಡುವವರ ಬಾಯಲ್ಲೂ ಕೇಳುತ್ತೇವೆ. ಮಹ್ರ್ ಕೊಡಬೇಕಾದವರು ವರದಕ್ಷಿಣೆ ಎಣಿಸುತ್ತಾರೆ. ಮದುವೆ ಅಥವಾ ಭೂಮಿ, ಎರಡರಲ್ಲಿ ಒಂದು ಎಂಬ ಬಸವಿಯ ಕಾಲದ ನಿಯಮ ನಮ್ಮಲ್ಲೂ ಬೇರೆ ಹೆಸರಿನಲ್ಲಿ ಬದುಕಿದೆ. ಮಗಳ ಒಪ್ಪಿಗೆಯನ್ನು ಅವಳ ಮೌನದಿಂದ ಓದುವ ನಾವು, ಅವಳು ಮಾತಾಡಿದರೆ ಕೇಳಿಸಿಕೊಳ್ಳುತ್ತೇವೆಯೇ?

ಹಿಂದೂ ಕಾನೂನಿನ ದಾರಿಯೂ ಇದಕ್ಕಿಂತ ಸುಗಮವಾಗಿರಲಿಲ್ಲ. 1956ರ ವಾರಸಾ ಕಾಯ್ದೆ ಮಗಳಿಗೆ ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಹುಟ್ಟಿನಿಂದ ಹಕ್ಕು ಕೊಡಲಿಲ್ಲ. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಯಾಗಿ ಆ ಹಕ್ಕು ಕೊಟ್ಟಿತು. ಆದರೆ ಒಂದು ಷರತ್ತು: ಆ ದಿನಕ್ಕಿಂತ ಮೊದಲೇ ಮದುವೆಯಾದ ಹೆಣ್ಣುಮಕ್ಕಳಿಗೆ ಅದಿಲ್ಲ. ಹಳೆಯ ಹಳ್ಳಿಯ ಲೆಕ್ಕಾಚಾರ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ವಿಧಾನಸೌಧದೊಳಗೂ ಹೀಗೆ ಉಳಿದುಕೊಂಡಿತ್ತು. 2005ರ ಕೇಂದ್ರ ತಿದ್ದುಪಡಿ ಈ ಭೇದವನ್ನು ತೆಗೆದುಹಾಕಿತು. 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಈ ಹಕ್ಕು ಹುಟ್ಟಿನಿಂದ ಬರುವಂಥದ್ದು, 2005ರಲ್ಲಿ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಹೇಳಿತು. ಮಗಳು ಮಗನಾಗದೆ, ಮಗಳಾಗಿಯೇ ಪಾಲು ಪಡೆಯಬಹುದು ಎಂಬುದನ್ನು ಕಾನೂನು ಪೂರ್ತಿಯಾಗಿ ಒಪ್ಪಲು ಇಷ್ಟು ಕಾಲ ಬೇಕಾಯಿತು.

ಅವರೇ ಮಾತಾಡತೊಡಗಿದಾಗ

ಈ ಚರಿತ್ರೆಯ ನಿಜವಾದ ತಿರುವು ಶಾಸನಸಭೆಯಲ್ಲಿ ಆಗಲಿಲ್ಲ. ಮುತ್ತು ಕಟ್ಟಿಸಿಕೊಂಡ ತಾಯಿ ತನ್ನ ಮಗಳಿಗೆ ಮುತ್ತು ಕಟ್ಟುವುದಿಲ್ಲವೆಂದು ಹೇಳಿದ ದಿನ ಆಯಿತು. ಹೆಣ್ಣು ಮಾತ್ರ ಹುಟ್ಟಿದರೆ ಅವಳೂ ಬಸವಿ ಎಂದು ಗೆಜೆಟಿಯರ್ ಬರೆದಿದ್ದ ಸರಪಳಿಯನ್ನು ಕಡಿದವರು ಈ ತಾಯಂದಿರು. ದೇವರ ಶಾಪ ತಟ್ಟುತ್ತದೆಂದು ಹೆದರಿಸಿದವರಿಗೆ ಅವರು ಎದುರು ನಿಂತರು. ಮಗಳನ್ನು ಹಾಸ್ಟೆಲಿಗೆ ಸೇರಿಸಿದರು, ಕೂಲಿ ಮಾಡಿ ಓದಿಸಿದರು. ಹೊಸಪೇಟೆಯ ಸಖಿ ಟ್ರಸ್ಟ್‌ನಂತಹ ಸಂಸ್ಥೆಗಳು ಈ ಮಕ್ಕಳ ಓದಿಗೆ ಬೆಂಬಲವಾಗಿ ನಿಂತವು. ಕರ್ನಾಟಕ ರಾಜ್ಯ ದೇವದಾಸಿ ಮಹಿಳೆಯರ ವಿಮೋಚನಾ ಸಂಘ ಪಿಂಚಣಿ, ನಿವೇಶನ, ಭೂಮಿ ಕೇಳಿ ಬೀದಿಗಿಳಿಯಿತು. ಸಮೀಕ್ಷೆಯಲ್ಲಿ ಬಿಟ್ಟುಹೋದವರನ್ನು ಸೇರಿಸಬೇಕೆಂದು ಹಟ ಹಿಡಿಯಿತು.

ಶಾಲೆಗೆ ಹೋದ ಮಕ್ಕಳಿಗೆ ಹೊಸ ಗೋಡೆಯೊಂದು ಎದುರಾಯಿತು: ಅರ್ಜಿಯಲ್ಲಿ ತಂದೆಯ ಹೆಸರು. ಹಳ್ಳಿಯ ರೂಢಿಯಲ್ಲಿ ತಾಯಿಯ ತಂದೆಯ ಹೆಸರು ಸಾಕಾಗುತ್ತಿತ್ತು. ಸರ್ಕಾರಿ ಕಾಗದಕ್ಕೆ ಸಾಕಾಗಲಿಲ್ಲ. ಹಳೆಯ ವ್ಯವಸ್ಥೆ ಕೊಟ್ಟಿದ್ದ ಅಲ್ಪಸ್ವಲ್ಪ ಮರ್ಯಾದೆಯನ್ನೂ ಹೊಸ ವ್ಯವಸ್ಥೆ ಕಿತ್ತುಕೊಂಡಿತು. ಜನನ ಪ್ರಮಾಣಪತ್ರಕ್ಕೆ ತಂದೆಯ ಹೆಸರು ಕೇಳಿ ಅವಿವಾಹಿತ ತಾಯಿಯನ್ನು ಸತಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು 2015ರಲ್ಲಿ ತೀರ್ಪು ಕೊಟ್ಟಿತು. 2025ರ ಆಗಸ್ಟ್‌ನಲ್ಲಿ ಕರ್ನಾಟಕ ವಿಧಾನಮಂಡಲ ಅಂಗೀಕರಿಸಿದ ಹೊಸ ದೇವದಾಸಿ ವಿಧೇಯಕ, ಈ ಮಕ್ಕಳ ದಾಖಲೆಗಳಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ ಎಂಬುದರ ಜೊತೆಗೆ ತಂದೆಯನ್ನು ಗುರುತಿಸಿ ಹಕ್ಕು ಕೇಳುವ ಅವಕಾಶವನ್ನೂ ಸೇರಿಸಿತು. ಬರುವುದನ್ನು ನಿಲ್ಲಿಸಿದ ಗಂಡಸಿಗೆ ಜವಾಬ್ದಾರಿ ಹೊರಿಸುವ ಮಾತು ಕೊನೆಗೂ ಕಾನೂನಿನ ಭಾಷೆಗೆ ಬಂತು.

ಇದೇ ಸೀಮೆಯಲ್ಲಿ ಬೇರೆ ದಾರಿಗಳನ್ನು ಹುಡುಕಿಕೊಂಡವರೂ ಇದ್ದಾರೆ. ಹೊಸಪೇಟೆ ಬಳಿಯ ಮರಿಯಮ್ಮನಹಳ್ಳಿ ವೃತ್ತಿರಂಗಭೂಮಿಯ ನಟಿಯರ ಊರೆಂದೇ ಹೆಸರಾದುದು. ಬಣ್ಣ ಹಚ್ಚಿದ ಹೆಣ್ಣು ಕೆಟ್ಟವಳೆಂದು ಆಡಿಕೊಂಡ ಸಮಾಜದ ಎದುರಿಗೇ ಇಲ್ಲಿಯ ನಟಿಯರು ಊರೂರು ತಿರುಗಿ ಸಂಸಾರ ಸಾಕಿದರು. ಕಂಪ್ಲಿಗೆ ಹತ್ತಿರದ ಕಲ್ಲುಕಂಬದಲ್ಲಿ ಗಂಡಾಗಿ ಹುಟ್ಟಿ, ಹುಲಿಗೆಮ್ಮನ ಸನ್ನಿಧಿಯಲ್ಲಿ ಜೋಗತಿಯಾದ ಮಂಜಮ್ಮ ಮನೆಯಿಂದ ದೂರವಾಗಿ, ಜೋಗತಿ ನೃತ್ಯ ಕಲಿತು ಇದೇ ಮರಿಯಮ್ಮನಹಳ್ಳಿಯಲ್ಲಿ ನೆಲೆ ಕಂಡರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಸಂಡೂರಿನಲ್ಲಿ ಲಂಬಾಣಿ ಹೆಂಗಸರು ಅಜ್ಜಿಯರಿಂದ ಕಲಿತ ಕಸೂತಿಯನ್ನು ಸಂಡೂರು ಕುಶಲ ಕಲಾ ಕೇಂದ್ರದ ಮೂಲಕ ದುಡಿಮೆಯಾಗಿಸಿಕೊಂಡರು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಅವರ ಕೈಕೆಲಸದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಇವರಲ್ಲಿ ಹೆಚ್ಚಿನವರು ಗಂಡ ಮಕ್ಕಳೊಡನೆ ತಾಂಡಾದಲ್ಲೇ ಬಾಳುವವರು. ಸೂಜಿ ದಾರದಿಂದ ಬಂದ ನಾಲ್ಕು ಕಾಸು ತನ್ನ ಕೈಯಲ್ಲಿದ್ದಾಗ ಅದೇ ಮನೆಯಲ್ಲಿ ಹೆಣ್ಣಿನ ಮಾತಿಗೆ ಬೇರೆ ತೂಕ ಬರುತ್ತದೆ.

ಈ ಎಲ್ಲ ಬದುಕುಗಳು ಒಂದು ಪಾಠ ಹೇಳುತ್ತವೆ. ಮದುವೆಯಾದವಳೆಲ್ಲ ಬಂಧಿಯಲ್ಲ, ಮದುವೆಯ ಹೊರಗಿರುವವಳೆಲ್ಲ ಸ್ವತಂತ್ರಳೂ ಅಲ್ಲ. ಅವಳನ್ನು ಕೇಳಿದರೇ, ಅವಳ ಕೈಯಲ್ಲಿ ಏನಿತ್ತು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಾಗ ಮಾತ್ರ ಅದು ನಿರ್ಧಾರವಾಗುತ್ತದೆ. ಪೇಸ್ ಕಂಡ ರಾಣಿ ಮಾತು ತೆಗೆದುಕೊಂಡಳು, ಏಕೆಂದರೆ ಅವಳಿಗೆ ಮಾತಾಡುವ ಸ್ಥಾನವಿತ್ತು. ಬಸವಿಗೆ ಹೊಲ ಕೊಟ್ಟರು, ಮಾತು ಕೊಡಲಿಲ್ಲ. ನಮ್ಮ ಅಕ್ಕತಂಗಿಯರಿಗೆ ನಿಕಾಹ್‌ನಲ್ಲಿ ಮಾತು ಕೊಟ್ಟಿದ್ದೇವೆಂದು ಹೇಳಿಕೊಳ್ಳುತ್ತೇವೆ. ಹೊಲದ ಪತ್ರದಲ್ಲಿ ಅವರ ಹೆಸರಿಲ್ಲ.

ಹಂಪಿಯ ತೇರಿನಲ್ಲಿ ಪ್ರತಿವರ್ಷ ಪಂಪೆಯ ಮದುವೆ ನೋಡಲು ಬರುವ ಹೆಂಗಸರಲ್ಲಿ ಮುತ್ತು ಕಟ್ಟಿಸಿಕೊಂಡವರೂ ಇರುತ್ತಾರೆ, ಅವರ ಪಕ್ಕದಲ್ಲಿ ಕಾಲೇಜು ಓದುವ ಅವರ ಹೆಣ್ಣುಮಕ್ಕಳೂ ಇರುತ್ತಾರೆ. ಆ ಹುಡುಗಿಯರು ಮದುವೆಯಾಗುತ್ತಾರೋ ಇಲ್ಲವೋ ಎಂಬುದನ್ನು ಇನ್ನು ಅವರೇ ತೀರ್ಮಾನಿಸಲಿ. ನಾವು ಮಾಡಬೇಕಾದ ಕೆಲಸ ಬೇರೆ ಇದೆ. ಬರುವ ಸಲ ಮನೆಯಲ್ಲಿ ಆಸ್ತಿ ಪಾಲಾಗುವಾಗ ಅಕ್ಕತಂಗಿಯರನ್ನು ಕರೆದು ಕೂರಿಸಬೇಕು. ಅವರು ಬಿಟ್ಟುಕೊಡುತ್ತಾರೆಂದು ಮೊದಲೇ ಊಹಿಸಿಕೊಳ್ಳದೆ, ಅವರ ಪಾಲನ್ನು ಅವರ ಕೈಗೆ ಕೊಟ್ಟು, ಆಮೇಲೆ ಅವರ ಮಾತು ಕೇಳಬೇಕು.